ಪಾಟಿಗೆ ಕೀಲಿಮಣೆ ಕಟ್ಟಿದರೆ

ಹೆಸರು ಬಿಡಿಸಿ, ಒಕ್ಕಿ, ಪೇಟೆಗೆ ಹಾಕಿ ಬಂದ ವಾರ ಬಾಳೆಹೊಸೂರಿನಂಥ ಊರಿನಲ್ಲಿ ರೊಕ್ಕದ ಮಾತು ಜಾಸ್ತಿ. ಮುಂಗಾರಿನ ಮೊದಲ ದುಡ್ಡು ಅದು. ಸಂಘದ ಸಾಲದ ಕಂತು, ಗೊಬ್ಬರದಂಗಡಿಯ ಬಾಕಿ, ಹಿಂಗಾರಿಗೆ ಕಡಲೆ ಬೀಜ, ಇಷ್ಟೂ ಲೆಕ್ಕ ಹಾಕಿ ಉಳಿದದ್ದರ ಮೇಲೆ ಕಾಲೇಜಿಗೆ ಹೋಗುವ ಮಗಳ ಕಣ್ಣು.

“ಯಪ್ಪಾ, ಫೋನಿನ್ಯಾಗ ಪ್ರಾಜೆಕ್ಟ್ ಬರ್ಯಾಕ ಆಗೂದಿಲ್ಲ. ಲ್ಯಾಪ್‌ಟಾಪರ ಕೊಡಸು, ಟ್ಯಾಬರ ಕೊಡಸು.”

“ಎರಡರಾಗ ಯಾವುದು ಸೋವಿ?”

“ಟ್ಯಾಬ್ ಸೋವಿ. ಆದ್ರ ಅದಕ್ಕ ಕೀಬೋರ್ಡ್ ಇರೂದಿಲ್ಲ. ಕೀಬೋರ್ಡ್ ಇದ್ದ ಟ್ಯಾಬ್ ಅಂತನೂ ಬಂದಾವ.”

“ಅಂದ್ರ ಎರಡೂ ಅಲ್ಲದ್ದು.”

ಹೆಸರು ಮಾರಿದ ಯಾವ ಮನೆಯಲ್ಲೂ ನಡೆದೀತು ಈ ಮಾತು. ಅಪ್ಪ ಆಡಿದ ಆ ಕೊನೆಯ ಮೂರು ಶಬ್ದ ಸುಮ್ಮನೆ ಆಡಿದ್ದಲ್ಲ. ಗಣಕ ತಯಾರಿಸುವ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಮೂರು ದಶಕಗಳಿಂದ ತಲೆ ಕೆಡಿಸಿಕೊಂಡದ್ದು ಇದೇ ‘ಎರಡೂ ಅಲ್ಲದ್ದರ’ ಬಗ್ಗೆ.

ಟ್ಯಾಬ್ಲೆಟ್ ಎಂದರೆ ಹಲಗೆ. ಗದಗ ಸೀಮೆಯ ಬಾಯಲ್ಲಿ ಪಾಟಿ. ಶಾಲೆಗೆ ಹೋಗುವ ಕೂಸಿನ ಹೆಗಲಿಗೆ ಇವತ್ತು ಬಣ್ಣಬಣ್ಣದ ಬ್ಯಾಗು ಬಂದಿದ್ದರೂ ಅಜ್ಜಿಯರು ಅದನ್ನು ಪಾಟಿಚೀಲ ಎಂದೇ ಕರೆಯುತ್ತಾರೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದನೆಂದು ಜನ ನಂಬುವ ಕುಮಾರವ್ಯಾಸನಂತೂ ಹಲಗೆ ಬಳಪ ಹಿಡಿಯದೆ ಬರೆದೆ, ಒಮ್ಮೆ ಇಟ್ಟ ಪದವನ್ನು ಅಳಿಸಲಿಲ್ಲ ಎಂದು ಹೆಮ್ಮೆಪಟ್ಟುಕೊಂಡವ. ಉಳಿದವರಿಗೆ ಹಲಗೆಯೂ ಬೇಕು, ಅಳಿಸುವುದಕ್ಕೂ ಬರಬೇಕು. ಈಗಿನ ಪ್ರಶ್ನೆ ಅದರ ಮೇಲೆ ಬೆರಳಿನಿಂದ ಬರೆಯಬೇಕೋ, ಕೀಲಿ ಕುಟ್ಟಿ ಬರೆಯಬೇಕೋ ಎನ್ನುವುದು.

ಅಮೆರಿಕದ ಗ್ರಿಡ್ ಎಂಬ ಕಂಪನಿ 1989ರಲ್ಲಿ ‘ಗ್ರಿಡ್‌ಪ್ಯಾಡ್’ ಹೊರತಂದಾಗ ಅದರ ತೂಕ ಎರಡು ಕಿಲೋ. ಕಡ್ಡಿಯಿಂದ ತೆರೆಯ ಮೇಲೆ ಗೀಚಬೇಕಿತ್ತು. 2002ರಲ್ಲಿ ಕಾಂಪ್ಯಾಕ್ ಹೆಸರಿನಲ್ಲಿ ಕೀಲಿಮಣೆ ಕಳಚಿಡಬಹುದಾದ ಪಾಟಿ ಬಂತು. ಎರಡೂ ಜನಸಾಮಾನ್ಯರ ಕೈಗೆ ಬರಲಿಲ್ಲ. ಬಂದದ್ದು 2010ರ ಐಪ್ಯಾಡ್. ಗಾಜಿನ ಫಲಕವೊಂದೇ ಸಾಕು, ಕೀಲಿಮಣೆಯ ಕಾಲ ಮುಗಿಯಿತು ಎಂದು ಅಂದು ಬಹಳ ಮಂದಿ ಬರೆದರು. ಆದರೆ ಐಪ್ಯಾಡನ್ನು ಜಗತ್ತಿಗೆ ತೋರಿಸಿದ ದಿನವೇ ಆ್ಯಪಲ್ ಕಂಪನಿ ಅದನ್ನು ನೆಟ್ಟಗೆ ನಿಲ್ಲಿಸಿ ಟೈಪು ಮಾಡಲಿಕ್ಕೆಂದು ಒಂದು ಕೀಲಿಮಣೆಯನ್ನೂ ತೋರಿಸಿತ್ತು! ಮರುವರ್ಷ ಏಸಸ್ ಕಂಪನಿಯ ‘ಟ್ರಾನ್ಸ್‌ಫಾರ್ಮರ್’ ಬಂತು. 2012ರಲ್ಲಿ ಮೈಕ್ರೋಸಾಫ್ಟ್‌ನ ‘ಸರ್ಫೇಸ್’ ಬಂತು, ಮುಚ್ಚಳವೇ ಕೀಲಿಮಣೆ. 2015ರಲ್ಲಿ ಆ್ಯಪಲ್ ಕೂಡ ಅದೇ ದಾರಿಗೆ ಬಂದು ಮುಚ್ಚಳ ಕೀಲಿಮಣೆ ಮಾರತೊಡಗಿತು. ಕೀಲಿಯನ್ನು ಬಾಗಿಲಿನಿಂದ ಹೊರಗೆ ಕಳಿಸಿದವರೆಲ್ಲ ಕಿಟಕಿಯಿಂದ ಒಳಗೆ ಕರೆದರು.

ಬೆಂಗಳೂರಿನ ಕತೆಯೂ ಬೇರೆಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕದ ಮಾದರಿಯನ್ನು 2001ರಲ್ಲಿ ತೋರಿಸಿದರು. ಹಳ್ಳಿಯವರಿಗಾಗಿ, ಓದು ಬರಹ ಬಾರದವರಿಗಾಗಿ, ಭಾರತದ ಭಾಷೆಗಳಿಗಾಗಿ ಎಂಬುದು ಅದರ ಘೋಷಣೆ. ಕೀಲಿಮಣೆ ಇಲ್ಲ, ಕಡ್ಡಿಯಿಂದ ಮುಟ್ಟಿದರೆ ಆಯಿತು. 2004ರಲ್ಲಿ ಅದು ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಸುಳಿಯಲಿಲ್ಲ. ಅದೇ ಎನ್‌ಕೋರ್ 2005ರಲ್ಲಿ ‘ಮೊಬಿಲಿಸ್’ ಎಂಬ ಪಾಟಿಯನ್ನು ಮಾಡಿದಾಗ ಅದರ ಜೊತೆಗೆ ಚಾಪೆಯಂತೆ ಸುತ್ತಿಡಬಹುದಾದ ಕೀಲಿಮಣೆ ಇತ್ತು. ಐಪ್ಯಾಡ್ ಹುಟ್ಟುವುದಕ್ಕೆ ಐದು ವರ್ಷ ಮೊದಲು! ಕಾಲಕ್ಕಿಂತ ಮುಂಚೆ ಹುಟ್ಟಿದ ಕೂಸು, ಬಾಳಲಿಲ್ಲ.

ಆಮೇಲೆ 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ‘ಆಕಾಶ್’ ಬಂತು. ವಿದ್ಯಾರ್ಥಿಗಳಿಗೆ ಅಗ್ಗದ ಪಾಟಿ ಎಂದು ಸುದ್ದಿಯಾದಷ್ಟು ಅದು ಕೈಗೆ ಸಿಗಲಿಲ್ಲ. ಸಿಕ್ಕವರಿಗೂ ತೆರೆಯನ್ನು ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. 2015ರ ಸುಮಾರಿಗೆ ಮೈಕ್ರೋಮ್ಯಾಕ್ಸ್, ನೋಷನ್ ಇಂಕ್ ಮೊದಲಾದ ದೇಶಿ ಹೆಸರುಗಳು ಹದಿನೈದು ಇಪ್ಪತ್ತು ಸಾವಿರಕ್ಕೆ ಕೀಲಿಮಣೆ ಸಮೇತ ವಿಂಡೋಸ್ ಪಾಟಿಗಳನ್ನು ಮಾರಿದವು. ಅವುಗಳಲ್ಲಿ ಕೆಲವು ಈಗಲೂ ಹಳೆ ಸಾಮಾನಿನ ಅಂಗಡಿಗಳಲ್ಲಿ ಐದಾರು ಸಾವಿರಕ್ಕೆ ಕಣ್ಣು ಹೊಡೆಯುವುದುಂಟು. ಕೊಳ್ಳಬಾರದು. ಅವುಗಳ ಹೊಟ್ಟೆ 32 ಜಿ.ಬಿ.; ವಿಂಡೋಸ್ ತನ್ನನ್ನು ತಾನೇ ನವೀಕರಿಸಿಕೊಳ್ಳಲು ಹೊರಟರೆ ಅದಕ್ಕೇ ಜಾಗ ಸಾಲುವುದಿಲ್ಲ. ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಇರಲಿ. ನಮ್ಮ ರಾಜ್ಯ ಸರ್ಕಾರವೂ ಈ ತಕ್ಕಡಿಯಲ್ಲಿ ಎರಡೂ ಕಡೆ ಕೂತು ನೋಡಿದೆ. 2020ರಲ್ಲಿ ಸರ್ಕಾರಿ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡುವ ಯೋಜನೆ. ಕೊರೊನಾ ಬಂದು ಪಾಠಗಳೆಲ್ಲ ಫೋನಿಗೆ ಇಳಿದ ಮೇಲೆ, 2021ರ ಜೂನ್‌ನಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್. ಒಂದೇ ಮನೆಯ ಅಕ್ಕ ತಂಗಿ ಒಂದು ವರ್ಷದ ಅಂತರದಲ್ಲಿ ಒಂದೇ ಕಾಲೇಜಿಗೆ ಸೇರಿದ್ದರೆ ಅಕ್ಕನ ಕೈಗೆ ಕೀಲಿ ಇದ್ದದ್ದು, ತಂಗಿಯ ಕೈಗೆ ಕೀಲಿ ಇಲ್ಲದ್ದು. ಒಂದು ಲ್ಯಾಪ್‌ಟಾಪಿನ ಹಣದಲ್ಲಿ ಎರಡು ಟ್ಯಾಬ್ ಬರುತ್ತದೆ ಎಂಬ ಲೆಕ್ಕ ಖಜಾನೆಗೆ ಸರಿ. ಪಾಠ ನೋಡಲಿಕ್ಕೂ ಟ್ಯಾಬ್ ಸಾಕು. ಪ್ರಬಂಧ ಬರೆಯಲು ಕೂತಾಗಲೇ ತಂಗಿ ಅಕ್ಕನ ಯಂತ್ರದ ಕಡೆ ತಿರುಗುವುದು.

ಹೀಗೆಂದ ಮಾತ್ರಕ್ಕೆ ಕೀಲಿ ಇಲ್ಲದ ಪಾಟಿಯನ್ನು ತೆಗಳಬೇಕಿಲ್ಲ. ಹೊಲದಲ್ಲಿ ನಿಂತು ಬೆಳೆಯ ಫೋಟೋ ತೆಗೆದು ಬೆಳೆ ಸಮೀಕ್ಷೆಗೆ ಏರಿಸುವ ರೈತನಿಗೆ ಕೀಲಿಮಣೆ ಕಟ್ಟಿಕೊಂಡು ಆಗಬೇಕಾದದ್ದು ಏನೂ ಇಲ್ಲ. ಕಪ್ಪು ಎರೆಮಣ್ಣಿನ ಧೂಳು ಕೀಲಿಗಳ ಸಂದಿಗೆ ಹೊಕ್ಕರೆ ಹೊರಬರುವುದೂ ಇಲ್ಲ. ಗಾಜನ್ನಾದರೆ ಧೋತರದ ಚುಂಗಿನಿಂದ ಒರೆಸಿದರೆ ಆಯಿತು. ಓದುವುದಕ್ಕೆ, ನೋಡುವುದಕ್ಕೆ, ಒಂದು ಸಾಲಿನ ಉತ್ತರ ಕೊಡುವುದಕ್ಕೆ ಬೆರಳು ಸಾಕು. ಆದರೆ ಇದೇ ಕೆಲಸ ದಿನವಿಡೀ ಮಾಡಬೇಕಾದವರನ್ನು ಕೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಧರಣಿ ಕೂತರು. ಹತ್ತಾರು ಆ್ಯಪ್‌ಗಳ ಕೆಲಸವನ್ನು ಮೊಬೈಲಿನಲ್ಲೇ ಮಾಡಬೇಕಾಗಿದೆ ಎಂಬುದು ಅವರ ದೂರು, ಬೇಡಿಕೆಗಳ ಪಟ್ಟಿಯಲ್ಲಿ ಕುರ್ಚಿ ಮೇಜಿನ ಜೊತೆ ಲ್ಯಾಪ್‌ಟಾಪೂ ಇತ್ತು. ಬರೆಯುವ ಕೆಲಸ ಇದ್ದವನಿಗೆ ಕೀಲಿ ಬೇಕು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಯಾಕೆ?

ಈಗ ಕನ್ನಡದ ಮಾತಿಗೆ ಬರೋಣ. ಪಾಟಿ ಕೊಳ್ಳುವವರು ಅಂಗಡಿಯಲ್ಲಿ ಕೇಳದೇ ಬಿಡುವ ಪ್ರಶ್ನೆ ಇದೊಂದೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡು ಎಂದು ಹೆಸರಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಆ ತಿರುಳಿನ ನಾಡಿನ ಹುಡುಗ ಹುಡುಗಿಯರು ಇವತ್ತು ಗೆಳೆಯರಿಗೆ ಸಂದೇಶ ಕಳಿಸುವಾಗ ‘ಹೆಂಗದೀ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಾರೆ. ಕನ್ನಡ ಬಾರದೆ ಅಲ್ಲ. ಕೈಯಲ್ಲಿರುವ ಯಂತ್ರದಲ್ಲಿ ಅದು ಸಲೀಸಾಗಿ ಬಾರದೆ.

ಕನ್ನಡವನ್ನು ಕೀಲಿಗಳಿಗೆ ಹೊಂದಿಸುವುದು ಮೊದಲಿನಿಂದಲೂ ಕಷ್ಟದ ಕೆಲಸ. ಇಂಗ್ಲಿಷಿಗೆ 26 ಅಕ್ಷರ, ಚಿಕ್ಕದು ದೊಡ್ಡದು ಸೇರಿ 52. ನಮ್ಮಲ್ಲಿ ಸ್ವರ, ವ್ಯಂಜನ, ಕಾಗುಣಿತ, ಅದರ ಮೇಲೆ ಒತ್ತಕ್ಷರ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಅಕ್ಷರ ಹೊಂದಿಸುವಾಗ ಅಕ್ಷರಗಳನ್ನು ತುಂಡು ಮಾಡಿ, ತಲೆಕಟ್ಟು ಒಂದು ಕಡೆ ಒತ್ತು ಒಂದು ಕಡೆ ಇಟ್ಟು ಜೋಡಿಸಬೇಕಾಯಿತು. ಗದಗ, ಹುಬ್ಬಳ್ಳಿಯ ಟೈಪಿಂಗ್ ಕ್ಲಾಸುಗಳಲ್ಲಿ ಬೆಳಗಿನ ಆರು ಗಂಟೆಗೆ ಶುರುವಾಗುತ್ತಿದ್ದ ಟಕಟಕ ಸದ್ದು ಈ ಜೋಡಣೆಯದೇ. ಗಣಕ ಬಂದ ಮೇಲೆ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಎಲ್ಲರ ಬಾಯಲ್ಲಿ ಕೆ.ಪಿ. ರಾವ್, ಒಂದು ಸರಳ ಉಪಾಯ ಕಂಡರು. ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿಯುವುದು. ಇಂಗ್ಲಿಷಿನ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಸ್ವರದ ಕೀಲಿಯನ್ನು ಬಿಡಿಯಾಗಿ ಒತ್ತಿದರೆ ಸ್ವರ, ವ್ಯಂಜನದ ಹಿಂದೆ ಒತ್ತಿದರೆ ಕಾಗುಣಿತ. ಒತ್ತಕ್ಷರಕ್ಕೆ ‘ಎಫ್’ ಕೀಲಿ. ಒತ್ತಿನ ರೂಪವನ್ನು ಹುಡುಕಿ ಕೂಡಿಸುವ ಕೆಲಸ ಯಂತ್ರಕ್ಕೆ ಬಿಟ್ಟದ್ದು. ಸರ್ಕಾರ ಒಪ್ಪಿಕೊಂಡದ್ದು ಇದೇ ವಿನ್ಯಾಸವನ್ನು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವುದೂ ಇದೇ.

ಈ ವಿನ್ಯಾಸದಲ್ಲಿ ‘ಬಾಳೆಹೊಸೂರ’ ಎಂದು ಬರೆಯಲು ಒಂಬತ್ತು ಕೀಲಿ ಸಾಕು, ಮೂರು ಸಲ ಶಿಫ್ಟ್. ಪುಣ್ಯಕ್ಕೆ ಊರಿನ ಹೆಸರಿನಲ್ಲಿ ಒತ್ತಕ್ಷರ ಇಲ್ಲ. ‘ಲಕ್ಷ್ಮೇಶ್ವರ’ ಬರೆಯಲು ಹನ್ನೊಂದು ಕೀಲಿ, ಅದರಲ್ಲಿ ಮೂರು ಸಲ ಎಫ್. ಕನ್ನಡದಲ್ಲಿ ನಾಲ್ಕು ಪದ ದಾಟುವುದರೊಳಗೆ ಒಂದಾದರೂ ಒತ್ತು ಬಂದೇ ಬರುತ್ತದೆ. ನಿಜವಾದ ಕೀಲಿಮಣೆಯನ್ನು ಬೆರಳಿನಿಂದ ತಡವಿ ನೋಡಿ, ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಗೆರೆ ಉಬ್ಬಿರುತ್ತದೆ. ಕಣ್ಣು ತೆರೆಯ ಮೇಲಿದ್ದರೂ ತೋರುಬೆರಳು ತನ್ನ ಜಾಗ ಹುಡುಕಿಕೊಳ್ಳಲಿ ಎಂದು ಮಾಡಿದ ವ್ಯವಸ್ಥೆ. ಇಂಗ್ಲಿಷಿನವರು ತಮ್ಮ ಅನುಕೂಲಕ್ಕೆ ಇಟ್ಟ ಆ ಗೆರೆ ಕನ್ನಡದವರ ಒತ್ತಕ್ಷರದ ಮೇಲೇ ಬಂದು ಕೂತಿದೆ. ಗಾಜಿನ ಪಾಟಿಯಲ್ಲಿ ಈ ಗೆರೆ ಇಲ್ಲ. ಪ್ರತಿ ಒತ್ತಿಗೂ ಕಣ್ಣು ಕೆಳಗಿಳಿಯಬೇಕು. ಅದೂ ಅಲ್ಲದೆ ಕೀಲಿಮಣೆಯ ಚಿತ್ರವೇ ಅರ್ಧ ತೆರೆ ತಿಂದರೆ ಬರೆದ ಪ್ಯಾರಾ ಕಾಣುವುದಾದರೂ ಎಲ್ಲಿ?

ಮಾತಾಡಿದರೆ ಬರೆದುಕೊಳ್ಳುತ್ತದಲ್ಲ ಎಂದು ಕೇಳುವವರಿದ್ದಾರೆ. 2017ರಲ್ಲಿ ಗೂಗಲ್ ಕನ್ನಡಕ್ಕೂ ಆ ಸೌಲಭ್ಯ ತಂದಿತು, ಸಣ್ಣ ಸಂದೇಶಕ್ಕೆ ಬಹಳ ಒಳ್ಳೆಯದು. ಆದರೆ ಅದು ಪುಸ್ತಕದ ಕನ್ನಡವನ್ನು ಹಿಡಿದಷ್ಟು ಚೆನ್ನಾಗಿ ‘ಬರಾಕತ್ತೇನಿ’, ‘ಹೋಗೂದೈತಿ’ಗಳನ್ನು ಹಿಡಿಯುವುದಿಲ್ಲ. ಮತ್ತೆ ಪರೀಕ್ಷಾ ಕೊಠಡಿಯಲ್ಲಿ ಯಂತ್ರದೊಡನೆ ಮಾತಾಡಲಿಕ್ಕೆ ಬಿಡುವವರು ಯಾರು? ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕೆಂಬ ನಿಯಮ 2012ರಿಂದ ಇದೆ. ಕಚೇರಿ ಇರಲಿ, ಡಿಟಿಪಿ ಅಂಗಡಿ ಇರಲಿ, ಕೆಲಸ ಕೇಳಿ ಹೋದ ಹುಡುಗಿಯ ಮುಂದೆ ಇಡುವುದು ಕೀಲಿಮಣೆಯನ್ನೇ. ಮೂರು ವರ್ಷ ಗಾಜು ಉಜ್ಜಿದ ಬೆರಳಿಗೆ ಅದು ಹೊಸದು.

ಹಾಗಾದರೆ ಕೀಲಿಮಣೆ ಇರುವ ಪಾಟಿಯೇ ಸರಿ ಎಂದು ಹೊರಡುವ ಮುನ್ನ ನಿಲ್ಲಬೇಕು. ಕೀಲಿಮಣೆ ಇದ್ದ ಮಾತ್ರಕ್ಕೆ ಕನ್ನಡ ಇತ್ತು ಎಂದಲ್ಲ. ವಿಂಡೋಸ್ ಇರುವ ಯಂತ್ರವಾದರೆ ಚಿಂತೆ ಕಡಿಮೆ; ನುಡಿ ಹಾಕಬಹುದು, ಬರಹ ಹಾಕಬಹುದು. ಇನ್‌ಸ್ಕ್ರಿಪ್ಟ್ ವಿನ್ಯಾಸ ಮೊದಲೇ ಇದೆ, ಉಚ್ಚಾರಣೆಯಂತೆ ಟೈಪಿಸುವ ಸೌಲಭ್ಯವೂ 2019ರಿಂದ ವಿಂಡೋಸ್ ಒಳಗೇ ಇದೆ. ಆದರೆ ಅಗ್ಗದ ಪಾಟಿಗಳಲ್ಲಿ ಹೆಚ್ಚಿನವು ಆಂಡ್ರಾಯ್ಡ್. ಅವುಗಳಲ್ಲಿ ಕನ್ನಡ ಬರುವುದು ಆ್ಯಪ್ ಮೂಲಕ. ಕೆಲವು ಆ್ಯಪ್‌ಗಳು ತೆರೆಯ ಮೇಲೆ ಮೂಡಿದ ಚಿತ್ರದ ಕೀಲಿಗೆ ಮಾತ್ರ ಕಿವಿಗೊಡುತ್ತವೆ. ಹೊರಗಿನ ಕೀಲಿಮಣೆಯಲ್ಲಿ ಒತ್ತಿದರೆ ಇಂಗ್ಲಿಷೇ ಬರುತ್ತದೆ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ತಂದ ಕೀಲಿಮಣೆ ಕನ್ನಡದ ಮಟ್ಟಿಗೆ ಮೂಕ. ಇದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆದಿರುವುದಿಲ್ಲ. ಅಂಗಡಿಯಲ್ಲೇ ಊರಿನ ಹೆಸರು ಟೈಪು ಮಾಡಿಸಿ ನೋಡಬೇಕು, ಒತ್ತಕ್ಷರ ಇರುವ ಹೆಸರಾದರೆ ಇನ್ನೂ ಒಳ್ಳೆಯದು.

ಉಳಿದದ್ದು ಮೈಕಟ್ಟಿನ ಮಾತು. ದೊಡ್ಡ ಕೀಲಿಮಣೆಯಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್. ಹತ್ತು ಅಂಗುಲದ ಪಾಟಿಯ ಅಗಲದೊಳಗೆ ಅದು ಹಿಡಿಸುವುದಿಲ್ಲ, ಕೀಲಿಗಳು ಕುಗ್ಗುತ್ತವೆ. ಮುಚ್ಚಳ ಕೀಲಿಮಣೆಯ ಪಾಟಿ ಮೇಜಿನ ಮೇಲೆ ನಿಲ್ಲುತ್ತದೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವಳ ತೊಡೆಯ ಮೇಲೆ ನಿಲ್ಲದೆ ಹಿಂದಕ್ಕೆ ಬೀಳುತ್ತದೆ, ಯಾಕೆಂದರೆ ಭಾರವೆಲ್ಲ ತೆರೆಯ ಕಡೆಗಿದೆ. ಬೀಳಬಾರದೆಂದು ಕೀಲಿಮಣೆಯನ್ನೂ ಭಾರ ಮಾಡಿದರೆ ಎರಡೂ ಸೇರಿ ಸಣ್ಣ ಲ್ಯಾಪ್‌ಟಾಪಿನ ತೂಕಕ್ಕೇ ಬರುತ್ತವೆ. ಬ್ಲೂಟೂತ್ ಕೀಲಿಮಣೆಯಾದರೆ ಅದಕ್ಕೂ ಬೇರೆ ಚಾರ್ಜು. ಲೋಹದ ಚುಕ್ಕೆಗಳಿಂದ ಕಚ್ಚಿಕೊಳ್ಳುವಂಥದಾದರೆ ಆ ಚುಕ್ಕೆಗಳ ಮೇಲೆ ಧೂಳು ಕೂತ ದಿನ ಕೆಲಸ ನಿಂತಿತು. ಕಳಚುವ ಕೀಲಿಮಣೆಗೆ ಒಂದು ಗುಣ ಉಂಟು, ಕೆಟ್ಟರೆ ಅದೊಂದೇ ಕೆಡುತ್ತದೆ. ಪಾಟಿಯಾದರೋ ಅಂಟು ಹಾಕಿ ಮುಚ್ಚಿದ ಡಬ್ಬಿ. ಒಳಗಿನ ಬ್ಯಾಟರಿ ಸತ್ತರೆ ಬಿಚ್ಚಿ ಹಾಕುವವರು ಗದಗಿನಲ್ಲೂ ಕಡಿಮೆ. ಕರೆಂಟಿನ ವಿಷಯದಲ್ಲಿ ಮಾತ್ರ ಪಾಟಿಯೇ ಮೇಲು. ಫೋನಿನ ಚಾರ್ಜರಿನಲ್ಲೇ, ಪವರ್ ಬ್ಯಾಂಕಿನಲ್ಲೇ ಅದಕ್ಕೆ ಹೊಟ್ಟೆ ತುಂಬುತ್ತದೆ.

ಅಗ್ಗದ ದಾರಿಯೂ ಒಂದಿದೆ. ಸಾದಾ ಪಾಟಿ, ಜೊತೆಗೆ ನಾನೂರು ಐನೂರು ರೂಪಾಯಿಯ ತಂತಿ ಕೀಲಿಮಣೆ, ನಡುವೆ ಒಂದು ಒ.ಟಿ.ಜಿ. ತುಂಡು. ನೋಡಲಿಕ್ಕೆ ಚಂದ ಇಲ್ಲ. ಕಾಲೇಜಿಗೆ ಒಯ್ದರೆ ಗೆಳತಿಯರು ನಗಬಹುದು. ಕೀಲಿಗಳು ಮಾತ್ರ ಪೂರ್ತಿ ಅಳತೆಯವು, ಕಲಿಯುವ ಬೆರಳಿಗೆ ಇದಕ್ಕಿಂತ ಒಳ್ಳೆಯದು ಸಿಗದು. ಕನ್ನಡದ ಷರತ್ತು ಇದಕ್ಕೂ ಅದೇ.

ಅಪ್ಪ ಮಗಳು ಪೇಟೆಯ ಅಂಗಡಿಗೆ ಹೋದರು. ಗಾಜಿನ ಮೇಜಿನ ಮೇಲೆ ಹುಡುಗ ಪಾಟಿ ನಿಲ್ಲಿಸಿ, ಕೀಲಿಮಣೆ ತಾಗಿಸಿ, “ಟಕ್ ಅಂತ ಕುಂತ್ತು ನೋಡ್ರಿ ಕಾಕಾ” ಎಂದ.

“ನಮ್ಮೂರ ಹೆಸರ ಬರೀ ತಂಗಿ” ಎಂದ ಅಪ್ಪ.

ಕಾಲೇಜಿನ ಲ್ಯಾಬಿನಲ್ಲಿ ನುಡಿ ಕಲಿತ ಬೆರಳು. ಒಂಬತ್ತು ಕೀಲಿ ಒತ್ತಿದಳು. ತೆರೆಯ ಮೇಲೆ ಊರು ಇಂಗ್ಲಿಷಿನಲ್ಲಿ ಬಂತು, ನಡುನಡುವೆ ಮೂರು ದೊಡ್ಡಕ್ಷರ ತುರುಕಿಕೊಂಡು.

“ಇದಕ್ಕ ನಮ್ಮೂರ ಬರವಲ್ದಲ್ಲೋ ತಮ್ಮಾ.”

“ಆ್ಯಪ್ ಹಾಕಬೇಕ್ರಿ ಕಾಕಾ. ಹತ್ತು ನಿಮಿಷ ಕೂಡ್ರಿ, ಮಾಡಿ ಕೊಡ್ತೀನಿ.”

ಚಹಾ ಬಂತು. ಹತ್ತು ನಿಮಿಷ ಅರ್ಧ ತಾಸಾಯಿತು. ಹುಡುಗ ಒಂದು ಆ್ಯಪ್ ತೆಗೆದು ಇನ್ನೊಂದು ಹಾಕುತ್ತಿದ್ದ. ಮಗಳು ಎದ್ದು ಹೋಗಿ ಆಚೆ ಕಪಾಟಿನಲ್ಲಿದ್ದ ಹಳೆಯ ಲ್ಯಾಪ್‌ಟಾಪಿನ ಬೆಲೆ ಕೇಳಿದಳು.